ಗೌರವಧನವೆಂಬ ಅಗೌರವ



ಬಾಳೆಲ್ಲ ಕನ್ನಡ ಪಾಠ ಹೇಳಿದವನಿಗೆ ‘ಗೌರವಧನ’ ಎಂಬ ಶಬ್ದದ ದುರುಪಯೋಗ ಸಹಿಸಲಾಗುತ್ತಿಲ್ಲ. ಭಾಷಣಕ್ಕೆ ಬಂದ ಅತಿಥಿಗೆ ಶಾಲು ಹೊದಿಸಿ ಲಕೋಟೆಯಲ್ಲಿಟ್ಟು ಕೊಡುವುದು ಗೌರವಧನ. ಅವರ ಅನ್ನಕ್ಕೆ ಬೇರೆ ದಾರಿಯಿರುತ್ತದೆ. ಶಾಲೆಯಲ್ಲಿ ನಿತ್ಯ ಬಿಸಿಯೂಟ ಬೇಯಿಸುವ ಹೆಂಗಸಿಗೆ ಕೊಡುವ ಹಣಕ್ಕೂ ಸರಕಾರ ಇದೇ ಹೆಸರಿಟ್ಟಿದೆ. ಸಂಬಳವೆಂದರೆ ಕನಿಷ್ಠ ವೇತನದ ಕಾಯಿದೆ ಎದುರು ನಿಲ್ಲುತ್ತದಲ್ಲ! ಗೌರವಕ್ಕೆ ಕಾಯಿದೆಯ ಕಾಟವಿಲ್ಲ.

ಲೆಕ್ಕ ನೋಡಿ. ಕೇಂದ್ರದ ಯೋಜನೆಯಲ್ಲಿ 2009ರಲ್ಲಿ ನಿಗದಿಯಾದದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಹದಿನೈದು ವರ್ಷ ಕಳೆದರೂ ಅದು ಏರಲಿಲ್ಲ. ನಮ್ಮ ರಾಜ್ಯ ತನ್ನ ಪಾಲು ಸೇರಿಸುತ್ತ ಬಂದು, 2025ರ ಬಜೆಟ್ಟಿನಲ್ಲಿ ಮತ್ತೊಂದು ಸಾವಿರ ಕೂಡಿಸಿದ ಮೇಲೂ ಒಟ್ಟು ಮೊತ್ತ ಐದು ಸಾವಿರ ಮುಟ್ಟಲಿಲ್ಲ. ದಿನಕ್ಕೆ ಇನ್ನೂರರ ಆಸುಪಾಸು. ಅದೇ ವರ್ಷ ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತವರಿಗೆ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿಯಿತ್ತು.

‘ಅದು ನಾಲ್ಕೇ ತಾಸಿನ ಕೆಲಸ’ ಎನ್ನುತ್ತಾರೆ. ಪ್ರೌಢಶಾಲೆಗೂ ಬಿಸಿಯೂಟ ಬಂದ ಮೇಲೆ ನಿವೃತ್ತಿಯವರೆಗೆ ನಾನು ಕಂಡದ್ದು ಬೇರೆ. ಬೆಳಿಗ್ಗೆ ಒಲೆ ಹೊತ್ತಿಸಿದವರು ಕೊನೆಯ ಪಾತ್ರೆ ತೊಳೆದಿಡುವಾಗ ಮೂರು ಗಂಟೆ. ಕಾರವಾರದ ಮೀನುಪೇಟೆಯಿರಲಿ, ಅಂಕೋಲೆಯ ತರಕಾರಿ ವ್ಯಾಪಾರವಿರಲಿ, ಕುದುರುವುದು ಬೆಳಗಿನ ಹೊತ್ತು. ಆ ಹೊತ್ತನ್ನು ಶಾಲೆಗೆ ಕೊಟ್ಟವಳಿಗೆ ಸಂಜೆ ಯಾರು ಕೂಲಿ ಇಟ್ಟುಕೊಂಡಿದ್ದಾರೆ?

ಕೂಲಿ ಎಷ್ಟಿರಬೇಕೆಂಬುದು ಹೊಸ ಪ್ರಶ್ನೆಯೇನಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸಂಸಾರದ ಆಹಾರ, ಮನೆಬಾಡಿಗೆ, ವರ್ಷಕ್ಕೆ 72 ಗಜ ಬಟ್ಟೆಯವರೆಗೆ ಲೆಕ್ಕ ಹಾಕಿತ್ತು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಶಿಕ್ಷಣ, ಔಷಧಿ, ಮುಪ್ಪಿನ ಖರ್ಚನ್ನೂ ಸೇರಿಸಬೇಕೆಂದಿತು. 2020ರಲ್ಲಿ ಅಲಹಾಬಾದ್ ಹೈಕೋರ್ಟು, ಬಿಸಿಯೂಟದ ಅಡುಗೆಯವಳಿಗೆ ಸಾವಿರ ರೂಪಾಯಿ ಕೊಟ್ಟು ದುಡಿಸುವುದು ಸಂವಿಧಾನ ನಿಷೇಧಿಸಿದ ಬಿಟ್ಟಿ ಚಾಕರಿ ಎಂದೇ ತೀರ್ಪಿತ್ತಿತು. ಪೌರನೀತಿಯಲ್ಲಿ 23ನೆಯ ವಿಧಿಯನ್ನು ಬಾಯಿಪಾಠ ಮಾಡಿದವರು ನೀವು, ನೆನಪಿರಬೇಕು.

ನಮ್ಮ ನೆಲಕ್ಕಂತೂ ಇದು ಅಪರಿಚಿತವಲ್ಲ. ಅಂಕೋಲೆಯ ದಿನಕರ ದೇಸಾಯಿಯವರು ಗೇಣಿ ರೈತರನ್ನು ಸಂಘಟಿಸಿ ಕೇಳಿದ್ದು ಒಡೆಯರ ಕನಿಕರವನ್ನಲ್ಲ, ದುಡಿದವನ ಪಾಲನ್ನು. ಅದಕ್ಕಾಗಿ 1940ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಅವರ ಚುಟುಕಗಳನ್ನು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವ ನಾವು ಈ ಭಾಗವನ್ನು ಮಾತ್ರ ಜಾಣತನದಿಂದ ಮರೆಯುತ್ತೇವೆ.

ಸರಕಾರವನ್ನು ಬೈದದ್ದಕ್ಕೆ ನೀವು ತಲೆದೂಗುತ್ತಿರಬಹುದು. ಸ್ವಲ್ಪ ತಡೆಯಿರಿ. ನಿಮ್ಮಲ್ಲಿ ಅಂಗಡಿಯವರಿದ್ದೀರಿ, ಬೈತಖೋಲದಲ್ಲಿ ದೋಣಿಯುಳ್ಳವರಿದ್ದೀರಿ, ಬೆಂಗಳೂರಿನಲ್ಲಿ ಮನೆಗೆಲಸಕ್ಕೆ ಜನ ಇಟ್ಟುಕೊಂಡವರಿದ್ದೀರಿ. ‘ಮನೆಯವಳ ಹಾಗೆಯೇ ನೋಡಿಕೊಳ್ಳುತ್ತೇವೆ ಸರ್’ ಎಂಬ ಮಾತನ್ನು ನಿಮ್ಮ ಬಾಯಿಂದಲೇ ಕೇಳಿದ್ದೇನೆ. ಮನೆಯವಳಾದರೆ ಆಸ್ತಿಯಲ್ಲಿ ಪಾಲುಂಟೆ? ಇಲ್ಲವೆಂದಾದರೆ ಸಂಬಳವೆಷ್ಟು, ಯಾವ ತಾರೀಖಿಗೆ, ವಾರದ ರಜೆ ಯಾವಾಗ ಎಂಬುದನ್ನು ಬರೆದುಕೊಡಿ. ಚೌತಿಗೆ ಕೊಡುವ ಸೀರೆ ಆ ಲೆಕ್ಕಕ್ಕೆ ಸೇರದು.