ಬಾಲಕನ ಹಟ, ಹಿರಿಯರ ಅಂಜಿಕೆ

ಅಂಬಲಪಾಡಿಯ ಜನಾರ್ದನ ಮಹಾಕಾಳಿ ದೇವಸ್ಥಾನದ ಸಮೀಪ ಆಟ ನೋಡಿ ಬೆಳೆದ ಬಾಲಕನೊಬ್ಬನು ತಾನೂ ಗೆಜ್ಜೆ ಕಟ್ಟುವೆನೆಂದು ಹಟ ಹಿಡಿದನೆನ್ನೋಣ. ಹಿಂದಿನ ಕಾಲದಲ್ಲಿ ಅವನು ಶಾಲೆಯನ್ನು ತೊರೆದು ಮೇಳವನ್ನು ಸೇರಬೇಕಾಗುತ್ತಿತ್ತು. ಹಿರಿಯರು ಅಂಜುತ್ತಿದ್ದುದು ನ್ಯಾಯವೇ.

1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾದಂದಿನಿಂದ ಆ ಅಂಜಿಕೆಗೊಂದು ಪರಿಹಾರವುಂಟಾಯಿತು. ಪ್ರಾಂಶುಪಾಲ ಕು. ಶಿ. ಹರಿದಾಸ ಭಟ್ಟರ ಶ್ರಮವೂ ಡಾ. ಶಿವರಾಮ ಕಾರಂತರ ಮಾರ್ಗದರ್ಶನವೂ ಅದಕ್ಕೆ ಒದಗಿದ್ದವು. ಇಂದ್ರಾಳಿಯಲ್ಲಿರುವ ಆ ಕೇಂದ್ರವು ಈಗ ಮಣಿಪಾಲದ ವಿಶ್ವವಿದ್ಯಾಲಯದ ಅಂಗವಾಗಿದೆ. ವಿದ್ಯಾರ್ಥಿಗಳು ಅಲ್ಲಿಯೇ ವಾಸವಾಗಿದ್ದು, ಶಾಲೆಯ ಪಾಠವನ್ನೂ ಬಿಡದೆ, ಕಲೆಯನ್ನು ಅಭ್ಯಸಿಸುತ್ತಾರೆ.

ಬೇರೆಡೆ ಸಂಗೀತಕ್ಕೆ ಒಂದು ಕೊಠಡಿ, ಚಿತ್ರಕ್ಕೆ ಮತ್ತೊಂದು. ಯಕ್ಷಗಾನಕ್ಕೆ ಈ ವಿಭಾಗವು ಸಲ್ಲದು. ಏಳಕ್ಷರದ ತ್ರಿವುಡೆಯನ್ನೂ ಹತ್ತಕ್ಷರದ ಝಂಪೆಯನ್ನೂ ಬಾಯಿಂದ ಹೇಳುತ್ತ ಹೆಜ್ಜೆಯಿಟ್ಟ ಶಿಷ್ಯನೇ ಬಳಿಕ ಕನ್ನಡಿಯ ಮುಂದೆ ಕುಳಿತು ತನ್ನ ಮುಖಕ್ಕೆ ತಾನೇ ಬಣ್ಣ ಬರೆಯಬೇಕು. ಕೇದಗೆ ಮುಂದಲೆಯ ಕಟ್ಟನ್ನೂ ಅರಿತಿರಬೇಕು. ಕಿವಿ, ಕಾಲು, ಕೈ ಮೂರೂ ಒಟ್ಟಿಗೆ ಪಳಗಬೇಕು.

ಆದರೆ ಒಂದನ್ನು ಯಾವ ವಿದ್ಯಾಲಯವೂ ಕೊಡಲಾರದು. ಮೇಳದಲ್ಲಿ ಎಳೆಯನು ಕೋಡಂಗಿಯಾಗಿ, ಬಾಲಗೋಪಾಲನಾಗಿ ರಂಗವೇರಿ, ಹಿರಿಯರ ವೇಷಗಳನ್ನು ಬೆಳಗಿನವರೆಗೆ ನೋಡಿ ನೋಡಿಯೇ ಮೇಲೇರುತ್ತಿದ್ದನು. ಗುರುವು ಹೆಜ್ಜೆ ಕಲಿಸಿಯಾನು, ಪ್ರೇಕ್ಷಕರನ್ನು ತಂದುಕೊಡಲಾರನು. ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಮಗನನ್ನು ಕಳುಹಿಸಿದವರು ಒಂದು ವರ್ಷದೊಳಗೆ ಬಹುಮಾನವನ್ನು ಅಪೇಕ್ಷಿಸದಿರಲಿ, ಕಳುಹಿಸದವರೂ ಆ ಮಕ್ಕಳ ಆಟವಿದ್ದ ದಿನ ಮನೆಮಂದಿಯೊಡನೆ ಹೋಗಿ ಮಂಗಳದವರೆಗೂ ಕುಳಿತಿರಲಿ.