ಕೊಟ್ಟ ಮನೆ ಸೇರಿದ ಶಬ್ದಗಳು

ಶಬ್ದಗಳಿಗೂ ತವರುಮನೆಯುಂಟು, ಕೊಟ್ಟ ಮನೆಯೂ ಉಂಟು. ಒಂದು ಭಾಷೆಯಲ್ಲಿ ಹುಟ್ಟಿದ ಶಬ್ದವು ಇನ್ನೊಂದು ಭಾಷೆಯನ್ನು ಸೇರಿದಾಗ ಅಲ್ಲಿನ ರೀತಿನೀತಿಗಳಿಗೆ ಹೊಂದಿಕೊಂಡು ಬಾಳುತ್ತದೆ. ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಶಬ್ದಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ.

ಜರ್ಮನ್ ಭಾಷೆಯಲ್ಲಿ 'ಬ್ಲಿಟ್ಸ್' ಎಂದರೆ ಮಿಂಚು. ಮಿಂಚಿನಂತೆ ಎರಗುವ ಯುದ್ಧವೇ 'ಬ್ಲಿಟ್ಸ್‌ಕ್ರೀಗ್'. ಇಂಗ್ಲಿಷರು ಈ ಪದವನ್ನು ಮೊಟಕುಗೊಳಿಸಿ, 1940ರ ಸೆಪ್ಟೆಂಬರಿನಿಂದ 1941ರ ಮೇ ತಿಂಗಳವರೆಗೆ ಲಂಡನ್ ಮೊದಲಾದ ನಗರಗಳ ಮೇಲೆ ನಡೆದ ಬಾಂಬುದಾಳಿಗೆ 'ಬ್ಲಿಟ್ಸ್' ಎಂದೇ ಹೆಸರಿಟ್ಟರು. ತವರಿನಲ್ಲಿ ಅದು ಇಂದಿಗೂ ಬಾನಿನ ಮಿಂಚು. ಇಂಗ್ಲೆಂಡಿನಲ್ಲಿ ಇರುಳೆಲ್ಲ ಸುರಿದ ಬೆಂಕಿಯ ನೆನಪು.

'ಆಂಗ್‌ಸ್ಟ್' ಎಂಬ ಪದವನ್ನು ನೋಡಿರಿ. ಜರ್ಮನರಿಗೆ ನಾಯಿಯ ಭಯವೂ ಆಂಗ್‌ಸ್ಟ್, ಪರೀಕ್ಷೆಯ ಭಯವೂ ಆಂಗ್‌ಸ್ಟ್. ಇಂಗ್ಲಿಷಿನಲ್ಲಾದರೋ ಅದು ಇಂಥದೇ ಕಾರಣವೆಂದು ಹೇಳಲಾಗದ, ಬಾಳಿನ ಬಗೆಗಿನ ಒಳಗುದಿಗೆ ಮೀಸಲಾಗಿದೆ.

ಇಂತಹ ಮಾರ್ಪಾಟನ್ನು ಕಂಡು, ಪದವು ಕೆಟ್ಟಿತೆಂದು ಮರುಗುವವರುಂಟು. ಅವರ ಮಾತನ್ನು ನಾನು ಒಪ್ಪಲಾರೆ. ಸಾಮಾನ್ಯ ಭಯವನ್ನು ಸೂಚಿಸಲು ಇಂಗ್ಲಿಷಿನಲ್ಲಿ ಮೊದಲೇ ಪದಗಳಿದ್ದವು. ಕೊರತೆಯಿದ್ದುದು ಆ ಒಳಗುದಿಯ ಹೆಸರಿಗೆ. ಸಾಲ ಪಡೆಯುವ ಭಾಷೆಯು ತನಗೆ ಬೇಕಾದಷ್ಟನ್ನೇ ಪಡೆಯುತ್ತದೆ. ಸಂಸ್ಕೃತದ 'ಉಪನ್ಯಾಸ' ಕನ್ನಡದಲ್ಲಿ ಭಾಷಣವಾಯಿತು, ಹಿಂದಿಯಲ್ಲಿ ಕಾದಂಬರಿಯಾಯಿತು. ಇವುಗಳಲ್ಲಿ ಯಾವುದನ್ನು ತಪ್ಪೆನ್ನೋಣ?

ಕೆಟ್ಟದ್ದು ಅರ್ಥದ ಬದಲಾವಣೆಯಲ್ಲ; ಶಬ್ದದ ಮೇಲಿನ ದ್ವೇಷ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ಮೇಲಿನ ಕೋಪದಿಂದ ಅಮೆರಿಕೆಯ ಕೆಲವರು, ಹುಳಿಗಟ್ಟಿಸಿದ ಎಲೆಕೋಸಿಗಿದ್ದ 'ಸೌವರ್‌ಕ್ರೌಟ್' ಎಂಬ ಜರ್ಮನ್ ಹೆಸರನ್ನು ತೊರೆದು 'ಸ್ವಾತಂತ್ರ್ಯದ ಕೋಸು' ಎಂದು ಕರೆದರು. ಯುದ್ಧ ಮುಗಿಯಿತು; ಹೊಸ ಹೆಸರು ಮರೆಯಾಯಿತು; ಹಳೆಯದೇ ಉಳಿಯಿತು. ಫ್ರೋಬೆಲ್ ಎಂಬ ಶಿಕ್ಷಣತಜ್ಞರು 1840ರಲ್ಲಿ 'ಮಕ್ಕಳ ತೋಟ' ಎಂಬ ಅರ್ಥದಲ್ಲಿ ಇಟ್ಟ 'ಕಿಂಡರ್‌ಗಾರ್ಟನ್' ಎಂಬ ಹೆಸರಾದರೋ ಎರಡು ಮಹಾಯುದ್ಧಗಳನ್ನು ದಾಟಿ ಬಂದಿತು. ತಮ್ಮ ದೇಶ ಯಾರೊಡನೆ ಹೋರಾಡುತ್ತಿದ್ದರೂ ಅಮೆರಿಕೆಯ ಪುಟ್ಟ ಮಕ್ಕಳು ಆ ತೋಟಕ್ಕೇ ಹೋಗುತ್ತಿದ್ದರು.

ಶಬ್ದವು ಯಾವ ನಾಡಿನಿಂದ ಬಂದಿತೆಂಬುದನ್ನು ತಿಳಿಯುವುದು ವಿವೇಕ. ಆದರೆ ಅದು ಉಳಿಯಬೇಕೇ ಅಳಿಯಬೇಕೇ ಎಂಬುದನ್ನು ತೀರ್ಮಾನಿಸುವುದು ಹಗೆತನವಲ್ಲ, ಜನರ ನಿತ್ಯದ ಬಳಕೆ.