ಹಿತ್ತಿಲ ಹೊಂಡಕ್ಕೆ ಬಜೆ, ಕೆಸುವಿನ ಕಾವಲು

ಮಲೆನಾಡಿನ ತೋಟದಂಚುಗಳಲ್ಲಿ, ಮನೆಯ ಹಿತ್ತಿಲುಗಳಲ್ಲಿ ಮೀನಿನ ಹೊಂಡ ತೋಡುವವರಿದ್ದಾರೆ. ಅಬ್ಬಿ ನೀರು ಬರುವಲ್ಲಿ ಗುಂಡಿ ತೆಗೆದು ಕಾಟ್ಲಾ, ರೋಹು ಮರಿಗಳನ್ನು ಬಿಡುವುದು ಕಷ್ಟದ ಕೆಲಸವೇನಲ್ಲ. ಕಷ್ಟ ಆರಂಭವಾಗುವುದು ಶಿವರಾತ್ರಿ ಕಳೆದ ಮೇಲೆ. ಅಬ್ಬಿ ಸಣ್ಣಗಾಗುತ್ತದೆ, ನೀರು ಹಸಿರುಗಟ್ಟುತ್ತದೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಕಳೆಯುತ್ತ ನಿಲ್ಲುತ್ತವೆ. ಆಗ ನಾವು ಅಂಗಡಿಗೆ ಓಡುತ್ತೇವೆ.

ನಾನೂ ಹಾಗೆ ಓಡಿದವನೇ. 'ಪಾಚಿ ಹೋಗಬೇಕಾದರೆ ಸ್ವಲ್ಪ ಮೈಲುತುತ್ತ ಹಾಕಿ' ಎಂಬ ಸಲಹೆ ಸಿಕ್ಕಿತು. ಎರಡು ದಿನದಲ್ಲಿ ಪಾಚಿ ಸತ್ತಿತು. ಮೂರನೆಯ ದಿನ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ತಾಮ್ರವು ಮೀನಿನ ಕಿವಿರುಗಳಿಗೆ ವಿಷ. ಸುಣ್ಣದಂಶ ಕಡಿಮೆಯಿರುವ ಬೆಟ್ಟದ ಮೆದು ನೀರಿನಲ್ಲಿ ಆ ವಿಷ ಇನ್ನಷ್ಟು ತೀಕ್ಷ್ಣ. ಸಾಲದೆಂಬಂತೆ, ಒಮ್ಮೆಲೇ ಸತ್ತ ಪಾಚಿ ಕೊಳೆಯುತ್ತ ನೀರಿನ ಆಮ್ಲಜನಕವನ್ನೂ ಕಬಳಿಸುತ್ತದೆ. ಆದರೆ ಇಂದಿಗೂ ನನ್ನನ್ನು ಕಾಡುವುದು ಸತ್ತ ಮೀನುಗಳಲ್ಲ. ಆ ನೀರನ್ನು ನಾನು ಹಳ್ಳಕ್ಕೆ ಬಿಟ್ಟದ್ದು. ಕೆಳಮನೆಯವರ ದನಗಳು ಕುಡಿಯುವುದು ಅದೇ ಹಳ್ಳದ ನೀರನ್ನು.

ಪಾಚಿಯನ್ನು ಶತ್ರುವೆಂದು ಬಗೆಯುವ ಮೊದಲು ಅದೇಕೆ ಬಂತೆಂದು ಕೇಳಬೇಕಿತ್ತು. ಮೀನು ತನ್ನ ದೇಹದ ಕಲ್ಮಷವನ್ನು ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿಂದುಳಿದ ತೌಡು, ಹಿಂಡಿ ಕೊಳೆತರೂ ಅಮೋನಿಯಾವೇ. ಕಲ್ಲು, ಬೇರುಗಳ ಮೇಲೆ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತದೆ. ಮೊದಲೆರಡು ಮೀನಿಗೆ ಮಾರಕ. ಮೂರನೆಯದು ಅಷ್ಟು ಅಪಾಯಕಾರಿಯಲ್ಲ, ಗಿಡಗಳಿಗಂತೂ ಗೊಬ್ಬರ. ಉಣ್ಣಲು ಬೇರೆ ಗಿಡವಿಲ್ಲದ ಹೊಂಡದಲ್ಲಿ ಆ ಗೊಬ್ಬರ ಪಾಚಿಯ ಪಾಲಾಗುತ್ತದೆ. ಅಂದಮೇಲೆ ಪಾಚಿಗಿಂತ ಮೊದಲು ಉಣ್ಣುವ ಗಿಡಗಳನ್ನು ನೆಡುವುದೇ ಸರಿಯಾದ ದಾರಿ.

ಇದು ಹೊಸ ವಿಚಾರವೇನಲ್ಲ. ಜರ್ಮನಿಯ ವಿಜ್ಞಾನಿ ಕೇಟೆ ಸೈಡೆಲ್ 1950ರ ದಶಕದಲ್ಲಿಯೇ ಜೊಂಡಿನ ಜಾತಿಯ ಗಿಡಗಳಿಂದ ಕೊಳೆನೀರನ್ನು ಶುದ್ಧಗೊಳಿಸುವ ಪ್ರಯೋಗ ನಡೆಸಿದ್ದರು. ನಮ್ಮ ದೇಶದಲ್ಲೇ ಪೂರ್ವ ಕೋಲ್ಕತ್ತಾದ ಜೌಗುಭೂಮಿಯ ಮೀನುಗಾರರು ನಗರದ ಕೊಳಚೆ ನೀರನ್ನು ಆಳವಿಲ್ಲದ ಕೆರೆಗಳಲ್ಲಿ ಬಿಸಿಲು, ಸೂಕ್ಷ್ಮಜೀವಿ, ಸಸ್ಯಗಳ ನೆರವಿನಿಂದ ತಿಳಿಗೊಳಿಸಿ ಮೀನು ಬೆಳೆಯುತ್ತ ಬಂದಿದ್ದಾರೆ. ಸುಮಾರು 12,500 ಹೆಕ್ಟೇರಿನ ಆ ಪ್ರದೇಶ 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು.

ನಮ್ಮ ಹಿತ್ತಿಲಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಡ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಹೊಂಡಕ್ಕೆ ಅದರ ಕೆಳಬದಿಯಲ್ಲಿ ಹತ್ತಡಿ ಉದ್ದ, ಐದಡಿ ಅಗಲ, ಒಂದೂವರೆ ಅಡಿ ಆಳದ ಇನ್ನೊಂದು ಗುಂಡಿ ಸಾಕು. ಅದಕ್ಕೆ ಜಲ್ಲಿ ತುಂಬಿ ಬಜೆ, ಕೆಸು, ಲಾವಂಚ, ಆಪು ಹುಲ್ಲುಗಳನ್ನು ನೆಡಬೇಕು. ಹೊಂಡದ ತಳದ ನೀರು ಒಂದು ತುದಿಯಿಂದ ಒಳಬಂದು, ಬೇರುಗಳ ನಡುವೆ ನಿಧಾನವಾಗಿ ಸಾಗಿ, ಇನ್ನೊಂದು ತುದಿಯಿಂದ ತೋಟದ ಕಾಲುವೆಗೆ ಹೋಗಲಿ. ಇಳಿಜಾರಿನ ನೆಲದಲ್ಲಿ ಇದಕ್ಕೆ ವಿದ್ಯುತ್ತೂ ಬೇಕಿಲ್ಲ. ಬೇಸಗೆಯಲ್ಲಿ ಅದೇ ನೀರನ್ನು ಹೊಂಡಕ್ಕೆ ಮರಳಿಸಲು ಮಾತ್ರ ಒಂದು ಸಣ್ಣ ಪಂಪು ಬೇಕಾದೀತು. ಬ್ಯಾಕ್ಟೀರಿಯಾ ನೆಲೆಗೊಳ್ಳಲು ಒಂದೂವರೆ ತಿಂಗಳಾದರೂ ಹಿಡಿಯುವುದರಿಂದ ಮರಿಗಳನ್ನು ಒಮ್ಮೆಲೇ ಬಿಡಬಾರದು. ಬೆಳೆದ ಸೊಪ್ಪನ್ನು ಆಗಾಗ ಕೊಯ್ದು ಗೊಬ್ಬರಗುಂಡಿಗೆ ಹಾಕಲೇಬೇಕು. ಅಲ್ಲಿಯೇ ಕೊಳೆಯಲು ಬಿಟ್ಟರೆ ಗಿಡ ಹೀರಿದ್ದೆಲ್ಲ ನೀರಿಗೇ ಮರಳುತ್ತದೆ.

ಆದರೆ ಕೈಗೆ ಸಿಕ್ಕ ಗಿಡವೆಲ್ಲ ಮದ್ದಲ್ಲ. ನೀರು ಶುದ್ಧಗೊಳಿಸುತ್ತದೆಂದು ವಾಟರ್ ಹಯಸಿಂತ್ ಎಂಬ ನೇರಳೆ ಹೂವಿನ ಕಳೆಯನ್ನು ತಂದು ಬಿಡುವವರಿದ್ದಾರೆ. ಅದು ಕಲ್ಮಷ ಹೀರುವುದು ನಿಜ. ಎರಡೇ ವಾರದಲ್ಲಿ ಇಮ್ಮಡಿಯಾಗಬಲ್ಲದೆಂಬುದೂ ನಿಜ. ದಕ್ಷಿಣ ಅಮೆರಿಕದಿಂದ ಬಂದ ಈ ಸಸ್ಯ ಬಯಲುಸೀಮೆಯ ಕೆರೆಗಳನ್ನು ಮುಚ್ಚಿದ್ದನ್ನು ನೋಡಿಯೂ, ಆರಿದ್ರಾ ಮಳೆಗೆ ಹೊಂಡ ತುಂಬಿ ಹರಿಯುವ ಊರಿನಲ್ಲಿ ಅದನ್ನು ಸಾಕುವುದು ವಿವೇಕವಲ್ಲ. 2000ದಲ್ಲೇ ನಿಷೇಧಗೊಂಡ ಆಫ್ರಿಕನ್ ಕ್ಯಾಟ್‌ಫಿಶ್ ಕುರಿತೂ ಇದೇ ಮಾತು: ಹೊಂಡದಿಂದ ಹಳ್ಳಕ್ಕೆ ತಪ್ಪಿಸಿಕೊಂಡರೆ ಅದು ನಮ್ಮ ಹೊಳೆಯ ಮೀನುಗಳನ್ನು ಉಳಿಸದು.

ಗಿಡಗಳ ಶಕ್ತಿಗೂ ಮಿತಿಯಿದೆ. ರಾತ್ರಿ ಅವೂ ಉಸಿರಾಡುತ್ತವೆ. ನೀರೊಳಗೇ ಒತ್ತಾಗಿ ಬೆಳೆದ ಸಸ್ಯ ನಸುಕಿನ ಹೊತ್ತಿಗೆ ಮೀನಿನ ಉಸಿರಿಗೇ ಕುತ್ತಾದೀತು. ಮರಿಗಳ ಸಂಖ್ಯೆ ಮಿತಿಮೀರಿದರೆ ಯಾವ ಬಜೆಯೂ ಕಾಯದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೂ ಮೈಲುತುತ್ತವೇ ಎಂಬುದನ್ನು ಮರೆಯಬಾರದು. ಅಡಕೆ ಮರಗಳ ನೆರಳಿನಲ್ಲೇ ಹೊಂಡ ತೋಡಿದವರು ಮದ್ದು ಹೊಡೆಯುವ ದಿನ ಅದನ್ನು ಮುಚ್ಚಿಡಬೇಕು, ತೋಟದ ನೀರು ಒಳನುಗ್ಗದಂತೆ ಸುತ್ತ ಏರಿ ಕಟ್ಟಬೇಕು.

ಕೊನೆಗೊಂದು ಮಾತು. ಈ ಪುಟ್ಟ ಗುಂಡಿ ಮಾಡುವ ಕೆಲಸವನ್ನು ನಮ್ಮ ಕಣಿವೆಗಳ ಜೌಗು ನೆಲಗಳು ಯಾರ ಅಪ್ಪಣೆಯೂ ಇಲ್ಲದೆ ಮಾಡುತ್ತ ಬಂದಿವೆ. ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳಿಂದ ಹಿಡಿದು ಗದ್ದೆಯಂಚಿನ ಕೆಸರು ತಗ್ಗಿನವರೆಗೆ ಎಲ್ಲವೂ ನೀರನ್ನು ತಡೆದು, ಸೋಸಿ, ಕೆಳಗೆ ಕಳಿಸುತ್ತವೆ. ಅವನ್ನು 'ಪಾಳು ನೆಲ'ವೆಂದು ಕರೆದು ಮಣ್ಣು ತುಂಬಿಸುತ್ತ, ಹಿತ್ತಿಲಲ್ಲಿ ಮಾತ್ರ ಬಜೆ ನೆಟ್ಟು ತೃಪ್ತರಾಗುವುದು ಆತ್ಮವಂಚನೆ. ಹೊಂಡಕ್ಕೆ ಬೇಕಾದ ಗಿಡಗಳನ್ನೂ ಜಡ್ಡಿಯಿಂದ ಕಿತ್ತು ತರಬೇಡಿ. ನೆರೆಮನೆಯ ಹಿತ್ತಿಲಿನಿಂದ ಒಂದು ಗಡ್ಡೆ ಕೇಳಿ ತನ್ನಿ.

ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಆವರಣದಲ್ಲಿ ಇಂಥದೊಂದು ಗುಂಡಿ ಮಾಡಿ, ಒಳಬರುವ ನೀರು ಮತ್ತು ಹೊರಹೋಗುವ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ಹಿಡಿದು ತಿಂಗಳಿಗೊಮ್ಮೆ ಹೋಲಿಸಿ ಬರೆದಿಡಲಿ. ನನ್ನ ಹಿತ್ತಿಲಿನಲ್ಲಿಯೂ ಈಗ ಗುಂಡಿಯಿದೆ. ಕೆಳಮನೆಯವರಿಗೆ ಹಳೆಯ ತಪ್ಪನ್ನು ಹೇಳಿಕೊಂಡ ದಿನ ಅವರು ಬಜೆಯ ಸಸಿ ಕೇಳಿ ಒಯ್ದರು.